ಕುಮಾರರಾಮನ ಬಾಯಿಗೆ ನಿಮ್ಮ ಭಾಷಣ ಬೇಡ

ಕಂಪ್ಲಿಯ ಕುಮಾರರಾಮನ ಕಥೆಯನ್ನು ಹೇಗೆ ಬೇಕಾದರೂ ಹೇಳಿಕೊಳ್ಳಿ ಎಂದು ಈ ಸೀಮೆ ಯಾವತ್ತೋ ಒಪ್ಪಿಗೆ ಕೊಟ್ಟಿದೆ. 1327ರಲ್ಲಿ ಮುಹಮ್ಮದ್ ಬಿನ್ ತುಘಲಕನ ಸೈನ್ಯ ಕಂಪಿಲಿಯ ಮೇಲೆ ಬಿತ್ತು. ಸುಲ್ತಾನನಿಗೆ ಎದುರುಬಿದ್ದು ಓಡಿಬಂದ ಬಹಾಉದ್ದೀನ್ ಗುರ್ಷಾಸ್ಪನಿಗೆ ಅಲ್ಲಿನ ದೊರೆ ಕಂಪಿಲರಾಯ ಆಸರೆ ಕೊಟ್ಟದ್ದೇ ಅದಕ್ಕೆ ಕಾರಣ. ನಂಬಿ ಬಂದವನನ್ನು ರಾಯ ಬಿಟ್ಟುಕೊಡಲಿಲ್ಲ, ಅರಮನೆಯ ಹೆಂಗಸರು ಬೆಂಕಿಗೆ ಬಿದ್ದರು, ರಾಯ ಕಾದಾಡಿ ಸತ್ತ, ಸೆರೆಸಿಕ್ಕ ಅವನ ಮಕ್ಕಳು ಮುಸಲ್ಮಾನರಾಗಿ ಸುಲ್ತಾನನ ಆಸ್ಥಾನದಲ್ಲಿ ಉಳಿದರು ಎಂದು ಇಬ್ನ್ ಬತೂತ ಬರೆದಿಟ್ಟಿದ್ದಾನೆ. ರಾಯನ ಮಗ ಕುಮಾರರಾಮನ ಹೆಸರನ್ನು ಅವನು ಎತ್ತುವುದೇ ಇಲ್ಲ. ಹದಿನಾರನೆಯ ಶತಮಾನದ ನಂಜುಂಡ ಕವಿಗೆ ಅದೇ ಕುಮಾರರಾಮ ಅರ್ಜುನನ ಅವತಾರ. ಆಮೇಲೆ ಪಾಂಚಾಳ ಗಂಗ ಸಾಂಗತ್ಯದಲ್ಲಿ ಹೇಳಿದ, ಬಯಲಾಟದವರು ರಾತ್ರಿಯಿಡೀ ಕುಣಿದು ಹೇಳಿದರು, ಶಿವರಾಜ್‌ಕುಮಾರ್ ಬೆಳ್ಳಿತೆರೆಯಲ್ಲಿ ಕುದುರೆ ಏರಿದರು. ಕಲ್ಲಿನ ಮೇಲಿನ ಸಾಕ್ಷಿ ಬೇಕೆಂದರೆ ಹಂಪಿಯ ಹೇಮಕೂಟಕ್ಕೆ ಹೋಗಬೇಕು. ಮುಮ್ಮಡಿ ಸಿಂಗೆಯ ನಾಯಕನ ಮಗ ವೀರ ಕಂಪಿಲದೇವ, ಅಂದರೆ ಇದೇ ಕಂಪಿಲರಾಯ, ಅಲ್ಲಿ ಶಿವಾಲಯ ಕಟ್ಟಿಸಿ ಮೂರು ಲಿಂಗಗಳನ್ನು ಇಟ್ಟದ್ದನ್ನು ಶಾಸನ ಹೇಳುತ್ತದೆ. ಅದರಾಚೆಗಿನ ಬಹುಪಾಲು ಹೇಳುವವರ ಸ್ವತ್ತು.

ಆದ್ದರಿಂದ ಯಾರಾದರೂ ಕುಮಾರರಾಮನ ಕಥೆ ಬದಲಿಸಿದರು ಎಂಬುದು ನನ್ನ ತಕರಾರಲ್ಲ. ತೋರಣಗಲ್ಲಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು ಮೊಬೈಲಿನಲ್ಲಿ ಕಂತು ಕಂತಾಗಿ ಕಥೆ ಬರೆಯುವ ಹುಡುಗ ಹುಡುಗಿಯರಿದ್ದಾರೆ. ಊರ ಜಾತ್ರೆಗೆ ಹೊಸ ನಾಟಕ ಕಟ್ಟುವ ಮೇಷ್ಟ್ರುಗಳಿದ್ದಾರೆ. ಅವರು ಕುಮಾರರಾಮನನ್ನೋ ಕೃಷ್ಣದೇವರಾಯನನ್ನೋ ಎತ್ತಿಕೊಂಡರೆ ನನಗೆ ಖುಷಿಯೇ. ಆದರೆ ಈಚೆಗೆ ನಾನು ಓದಿದ, ನೋಡಿದ ಹಲವು ಕಥೆಗಳಲ್ಲಿ ಕುಮಾರರಾಮ ಯುದ್ಧದ ನಡುವೆ ಕತ್ತಿ ಇಳಿಸಿ ಮಾತಿಗೆ ನಿಲ್ಲುತ್ತಾನೆ. ಒಬ್ಬರ ಕಥೆಯಲ್ಲಿ ಈ ವರ್ಷದ ಚುನಾವಣೆಯ ಘೋಷಣೆ ಅವನ ಬಾಯಲ್ಲಿ ಬರುತ್ತದೆ. ಇನ್ನೊಬ್ಬರ ಕಥೆಯಲ್ಲಿ ಅವನು ಜಾತಿ ಸಮಾವೇಶದ ಮುಖ್ಯ ಅತಿಥಿ. ಮತ್ತೊಬ್ಬರಲ್ಲಿ ಅವನ ಮಲತಾಯಿ ರತ್ನಾಜಿ ಹೆಣ್ಣಿನ ಹಕ್ಕುಗಳ ಬಗ್ಗೆ ಎರಡು ಪುಟ ಉಪನ್ಯಾಸ ಕೊಡುತ್ತಾಳೆ. ಆ ಉಪನ್ಯಾಸದ ಒಂದೊಂದು ಮಾತಿಗೂ ನನ್ನ ಸಮ್ಮತಿಯಿದೆ. ಆದರೂ ಅಲ್ಲಿ ರತ್ನಾಜಿ ಇರಲಿಲ್ಲ. ಅವಳ ಸೀರೆ ಉಟ್ಟು ಲೇಖಕರೇ ನಿಂತಿದ್ದರು.

ಇದು ಹೊಸ ಜಗಳವಲ್ಲ. 1944ರಲ್ಲಿ ಕುವೆಂಪು ‘ಶೂದ್ರ ತಪಸ್ವಿ’ ಬರೆದಾಗ ಮಾಸ್ತಿ ಇದೇ ಪ್ರಶ್ನೆ ಎತ್ತಿದರು. ಹಳೆಯ ಕಥೆಯನ್ನು ಇವತ್ತಿನ ವಿಚಾರದ ಪ್ರಚಾರಕ್ಕೆ ಹೂಡಿದರೆ ಕಥೆಯೂ ಕೆಡುತ್ತದೆ, ವಿಚಾರಕ್ಕೂ ಬಲ ಬರುವುದಿಲ್ಲ ಎಂಬುದು ಅವರ ಆಕ್ಷೇಪದ ತಿರುಳು. ರಾಮಾಯಣದ ಉತ್ತರಕಾಂಡದಲ್ಲಿ ತಪಸ್ಸಿಗೆ ಕೂತ ಶೂದ್ರ ಶಂಬೂಕನ ತಲೆ ಕಡಿದ ರಾಮನ ಮೇಲಿನ ಕಳಂಕವನ್ನು ತೊಳೆಯುವುದೇ ತಮ್ಮ ನಾಟಕ ಎಂಬ ನಿಲುವು ಕುವೆಂಪು ಅವರದು. ಕನ್ನಡದಲ್ಲಿ ಇಷ್ಟು ಗಟ್ಟಿಯಾದ, ಇಷ್ಟು ಗೌರವದ ಸಾಹಿತ್ಯ ಜಗಳಗಳು ಹೆಚ್ಚಿಲ್ಲ. ನಾನು ಕುವೆಂಪು ಕಡೆಯವನು. ಆದರೆ ಮಾಸ್ತಿಯವರ ಮಾತನ್ನು ತಳ್ಳಿಹಾಕಿ ಕುವೆಂಪು ಕಡೆ ನಿಲ್ಲುವುದು ಸುಲಭದ ದಾರಿ, ನನಗದು ಬೇಡ. ಮಾಸ್ತಿ ಹೇಳಿದ ಅಪಾಯ ನಿಜ. ಕುವೆಂಪು ಅದನ್ನು ದಾಟಿದರು, ದಾಟಿದ್ದು ಹೇಗೆ ಎಂಬುದನ್ನು ನೋಡಬೇಕು.

ನಾಟಕದಲ್ಲಿ ಮಗನನ್ನು ಕಳೆದುಕೊಂಡ ಬ್ರಾಹ್ಮಣ ಬಂದು ಶೂದ್ರನ ತಪಸ್ಸೇ ಇದಕ್ಕೆ ಕಾರಣ ಎಂದು ದೂರುತ್ತಾನೆ. ರಾಮ ಅವನಿಗೆ ಸಮಾನತೆಯ ಪಾಠ ಹೇಳುವುದಿಲ್ಲ. ಅವನ ಕಣ್ಣೆದುರಿಗೇ ಬ್ರಹ್ಮಾಸ್ತ್ರ ಬಿಡುತ್ತಾನೆ. ಅಸ್ತ್ರ ಹೋಗಿ ತಪಸ್ವಿಗೆ ನಮಸ್ಕರಿಸಿ, ತಿರುಗಿ ದೂರು ಕೊಟ್ಟವನನ್ನೇ ಅಟ್ಟಿಸಿಕೊಂಡು ಬರುತ್ತದೆ. ಆ ಬ್ರಾಹ್ಮಣ ಜೀವಭಯದಲ್ಲಿ ಓಡುವಾಗ ಪ್ರೇಕ್ಷಕನ ಎದೆಯೂ ಹೊಡೆದುಕೊಳ್ಳುತ್ತದೆ, ಏಕೆಂದರೆ ಅವನು ಕೆಟ್ಟವನಲ್ಲ, ಮಗ ಸತ್ತ ತಂದೆ. ಕೊನೆಗೆ ಅವನು ಶೂದ್ರ ತಪಸ್ವಿಗೆ ತಲೆಬಾಗುತ್ತಾನೆ, ಮಗ ಬದುಕುತ್ತಾನೆ. ಅಲ್ಲಿ ಕುವೆಂಪು ಅವರ ಅಭಿಪ್ರಾಯ ಏನೆಂಬುದು ಕುರುಡನಿಗೂ ಗೊತ್ತಾಗುತ್ತದೆ. ಆದರೆ ಅದು ಬಂದದ್ದು ಬಾಣದ ದಾರಿಯಲ್ಲಿ. ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಸೀತೆ ಅಗ್ನಿಪ್ರವೇಶ ಮಾಡುವಾಗ ರಾಮನೂ ಬೆಂಕಿಗೆ ಇಳಿಯುತ್ತಾನೆ. ಹೆಂಡತಿಯನ್ನು ಪರೀಕ್ಷಿಸುವವನು ತಾನೂ ಪರೀಕ್ಷೆಗೆ ಒಳಗಾಗಲಿ ಎಂದು ಯಾರೂ ಭಾಷಣ ಮಾಡುವುದಿಲ್ಲ. ರಾಮ ಇಳಿದ, ಅಷ್ಟೇ.

ಶಂಬೂಕನ ಕಥೆಯ ಇಕ್ಕಟ್ಟು ಕುವೆಂಪು ಒಬ್ಬರಿಗೇ ಎದುರಾದದ್ದಲ್ಲ. ಎಂಟನೆಯ ಶತಮಾನದ ಭವಭೂತಿ ಉತ್ತರರಾಮಚರಿತದಲ್ಲಿ ಶಂಬೂಕನನ್ನು ಸಾಯಿಸಿದ. ಆದರೆ ಕತ್ತಿ ಎತ್ತುವ ಮೊದಲು ರಾಮ ತನ್ನ ಬಲಗೈಯನ್ನೇ ಹಂಗಿಸುತ್ತಾನೆ, ಬಸುರಿ ಸೀತೆಯನ್ನು ಕಾಡಿಗಟ್ಟಿದ ಕೈ ನೀನು, ನಿನಗೆಲ್ಲಿಯ ಕರುಣೆ ಎಂಬ ಧಾಟಿಯಲ್ಲಿ. ಕಥೆಯನ್ನು ಬದಲಿಸುವ ಧೈರ್ಯ ಅವನಿಗಿತ್ತೋ ಇಲ್ಲವೋ, ಕೊಲ್ಲುವವನ ಸಂಕಟವನ್ನು ಮಾತ್ರ ಅವನು ಮರೆಮಾಚಲಿಲ್ಲ. ಇನ್ನು ಮಾಸ್ತಿಯವರನ್ನೇ ತೆಗೆದುಕೊಳ್ಳಿ. ‘ಯಶೋಧರಾ’ ಬರೆದು ಬುದ್ಧನ ಹೆಂಡತಿಯ ನೋವನ್ನು ರಂಗಕ್ಕೆ ತಂದವರು ಅವರೇ. ಅಂದರೆ ಹಳೆಯ ಕಥೆಯೊಳಗೆ ಹೊಸ ಪ್ರಶ್ನೆ ಕೇಳಬಾರದೆಂದು ಅವರೂ ನಂಬಿರಲಿಲ್ಲ.

ಈಗ ಹಂಪಿಗೆ ಬರೋಣ. ಭೈರಪ್ಪನವರ ಕಾದಂಬರಿ ‘ಆವರಣ’ 2007ರಲ್ಲಿ ಬಂತು, ಮುದ್ರಣದ ಮೇಲೆ ಮುದ್ರಣ ಕಂಡಿತು. ಅದು ತೆರೆದುಕೊಳ್ಳುವುದೇ ನಮ್ಮ ಹಂಪಿಯಲ್ಲಿ. ಮದುವೆಯಾಗಿ ರಜಿಯಾ ಆದ ಲಕ್ಷ್ಮಿ, ಗಂಡ ಅಮೀರ, ಒಂದು ಸಾಕ್ಷ್ಯಚಿತ್ರದ ಕೆಲಸ, ಕೈಕಾಲು ಮುರಿದ ಉಗ್ರನರಸಿಂಹ. ಆ ಮೊದಲ ಪುಟಗಳಲ್ಲಿ ಗಂಡ ಹೆಂಡಿರ ನಡುವಿನ ಬಿರುಕು ಕಲ್ಲಿನ ಬಿರುಕಿನಷ್ಟೇ ನಿಜವಾಗಿ ಕಾಣುತ್ತದೆ. ಮುಂದೆ ಏನಾಯಿತು? ಎದುರುಪಕ್ಷದ ಪ್ರೊಫೆಸರ್ ಶಾಸ್ತ್ರಿ ಸೋಲುವುದಕ್ಕೆಂದೇ ಹುಟ್ಟಿದ ಪಾತ್ರವಾದರು. ಗ್ರಂಥಗಳ ಪಟ್ಟಿ ಕಾದಂಬರಿಯ ಒಳಗೇ ಬಂದು ಕೂತಿತು. ಭೈರಪ್ಪ ಚರ್ಚಾಪಟುವೇ ಹೊರತು ಕಾದಂಬರಿಕಾರರಲ್ಲ ಎಂದು ಅನಂತಮೂರ್ತಿ ಆಗ ಟೀಕಿಸಿದ್ದು ದೊಡ್ಡ ರಾದ್ಧಾಂತವಾಯಿತು. ಆ ಮಾತು ಪೂರ್ತಿ ಸರಿಯಲ್ಲ. ಏಕೆಂದರೆ 1979ರಲ್ಲಿ ‘ಪರ್ವ’ ಬರೆದವರೂ ಅದೇ ಭೈರಪ್ಪ. ವರ, ಶಾಪ, ಪವಾಡಗಳನ್ನು ಕಿತ್ತುಹಾಕಿ ಮಹಾಭಾರತವನ್ನು ಹೇಳುವುದು ಸಣ್ಣ ಅಭಿಪ್ರಾಯವಲ್ಲ, ಭಾರೀ ಅಭಿಪ್ರಾಯ. ಆದರೆ ಅಲ್ಲಿ ಕುಂತಿ ಕುಂತಿಯಾಗಿಯೇ ನೆನಪು ಮಾಡಿಕೊಳ್ಳುತ್ತಾಳೆ, ದ್ರೌಪದಿಯ ಸಿಟ್ಟು ದ್ರೌಪದಿಯದೇ. ಒಬ್ಬನೇ ಲೇಖಕ, ಎರಡು ಪುಸ್ತಕ. ಒಂದರಲ್ಲಿ ಪಾತ್ರಗಳು ಲೇಖಕನನ್ನು ಎದುರಿಸಿ ನಿಂತವು, ಇನ್ನೊಂದರಲ್ಲಿ ಅವನ ಮುಂದೆ ಕೈಕಟ್ಟಿ ನಿಂತವು.

ಕಾರ್ನಾಡರ ‘ರಾಕ್ಷಸ ತಂಗಡಿ’ 2018ರಲ್ಲಿ ಪ್ರಕಟವಾಯಿತು. 1565ರ ಯುದ್ಧ, ವಿಜಯನಗರದ ಪತನ. ಕಾರ್ನಾಡರ ರಾಜಕೀಯ ಏನೆಂಬುದು ನಾಡಿಗೆಲ್ಲ ಗೊತ್ತು, ಅವರ ವಿರೋಧಿಗಳಿಗಂತೂ ಇನ್ನೂ ಚೆನ್ನಾಗಿ ಗೊತ್ತು. ಆದರೆ ಆ ನಾಟಕದ ಅಳಿಯ ರಾಮರಾಯ ಯಾರ ವಕ್ತಾರನೂ ಅಲ್ಲ. ರಾಜ್ಯವೆಲ್ಲ ತನ್ನ ಮುಷ್ಟಿಯಲ್ಲಿದ್ದರೂ ಸಿಂಹಾಸನ ತನ್ನದಲ್ಲವೆಂಬ ಕೊರಗು ಅವನನ್ನು ತಿನ್ನುತ್ತದೆ. ಆ ಕೊರಗಿನ ಸೊಕ್ಕೇ ಅವನನ್ನೂ ಊರನ್ನೂ ಮುಳುಗಿಸುತ್ತದೆ. ಕಾರ್ನಾಡರ ವಿಚಾರಗಳನ್ನು ಒಪ್ಪದವನೂ ಆ ಮುದುಕನನ್ನು ಒಪ್ಪಬೇಕಾಗುತ್ತದೆ.

ಅದೇ ಕಾರ್ನಾಡರ ‘ಟಿಪ್ಪುವಿನ ಕನಸುಗಳು’ ನಾಟಕಕ್ಕೆ ಉತ್ತರವೆಂಬಂತೆ 2022ರಲ್ಲಿ ಬಂದದ್ದು ಅಡ್ಡಂಡ ಕಾರ್ಯಪ್ಪನವರ ‘ಟಿಪ್ಪು ನಿಜಕನಸುಗಳು’. ಉರಿಗೌಡ, ನಂಜೇಗೌಡ ಎಂಬಿಬ್ಬರು ಟಿಪ್ಪುವನ್ನು ಕೊಂದರೆಂಬ ಕಥೆ ಅದರಿಂದ ಎಲ್ಲೆಡೆ ಹಬ್ಬಿತು. ಮರುವರ್ಷ ಮಾರ್ಚ್‌ನಲ್ಲಿ ಮಂಡ್ಯದ ಸ್ವಾಗತ ಕಮಾನಿನ ಮೇಲೆ ಆ ಹೆಸರುಗಳು ಕಂಡವು. ಸಚಿವರೊಬ್ಬರು ಅವರ ಬಗ್ಗೆ ಸಿನಿಮಾ ಘೋಷಿಸಿ, ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರನ್ನು ಕಂಡ ಮೇಲೆ ಕೈಬಿಟ್ಟರು. ನಾಟಕದ ಪಾತ್ರ ರಂಗದಿಂದ ಇಳಿದು ಚುನಾವಣೆಗೆ ಹೊರಟರೆ ಆಗುವುದು ಇದೇ. ಟಿಪ್ಪುವನ್ನು ಕ್ರೂರಿಯೆಂದು ತೋರಿಸುವ ಹಕ್ಕು ನಾಟಕಕಾರನಿಗೆ ಇದೆ. ಆದರೆ ಅವನ ಎದುರಾಳಿಗಳಿಗೆ ಒಂದು ಹೊಲ, ಒಂದು ಸಾಲ, ಒಂದು ಹೆದರಿಕೆ ಇರಬೇಕು. ಬರೀ ಹೆಸರು ಮತ್ತು ಜಾತಿ ಇಟ್ಟುಕೊಂಡು ಬಂದವರು ಪಾತ್ರಗಳಾಗುವುದಿಲ್ಲ.

ಹಾಗಾದರೆ ಲೇಖಕ ತನ್ನ ಅಭಿಪ್ರಾಯವನ್ನು ಎಲ್ಲಿಡಬೇಕು? ನಮ್ಮ ಸೀಮೆಯ ಬಯಲಾಟವಾದ ದೊಡ್ಡಾಟದಲ್ಲಿ ಅದಕ್ಕೆ ಬಹಳ ಹಿಂದೆಯೇ ಜಾಗ ಮಾಡಿಟ್ಟಿದ್ದಾರೆ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡ ಕುಮಾರರಾಮ ಅಟ್ಟದ ಮೇಲೆ ಹೆಜ್ಜೆ ಹಾಕುತ್ತ ಬಂದು ನಿಂತರೆ ಎದುರಿಗೆ ಸಾರಥಿ ಇರುತ್ತಾನೆ. ಅವನಿಗೆ ಕಿರೀಟವಿಲ್ಲ, ಊರ ಮನುಷ್ಯನ ವೇಷ, ಊರ ಮಾತು. ದೊರೆ ಗ್ರಾಂಥಿಕ ಕನ್ನಡದಲ್ಲಿ ತನ್ನ ಹೆಸರು, ಕುಲ, ಪಟ್ಟಣ ಹೇಳಿಕೊಳ್ಳುವಾಗ ಸಾರಥಿ ನಡುನಡುವೆ ಬಾಯಿ ಹಾಕುತ್ತಾನೆ. ಗಣಿಯ ಅಬ್ಬರ ಜೋರಾಗಿದ್ದ ವರ್ಷಗಳಲ್ಲಿ ಸಂಡೂರು ರಸ್ತೆಯ ಅದಿರು ಲಾರಿಗಳ ಬಗ್ಗೆ, ಕೆಂಪು ಧೂಳು ಕುಡಿದ ಮೆಣಸಿನ ಗಿಡದ ಬಗ್ಗೆ, ಓಟಿಗೆ ಹಂಚಿದ ದುಡ್ಡಿನ ಬಗ್ಗೆ ಸಾರಥಿ ಆಡಿದ ಮಾತುಗಳಿಗೆ ಜನ ಸಿಳ್ಳೆ ಹೊಡೆದದ್ದನ್ನು ನಾನು ಕೇಳಿದ್ದೇನೆ. “ಯಪ್ಪಾ ರಾಜಾ, ನಿನ್ನ ಕುದುರಿ ಈ ರೋಡಿನ್ಯಾಗ ಹೋಗಂಗಿಲ್ಲ, ಲಾರಿ ಬಿಡಂಗಿಲ್ಲ” ಎಂದರೆ ಜನ ನಗುತ್ತಾರೆ, ನಕ್ಕವರಿಗೆ ಸಿಟ್ಟೂ ಬರುತ್ತದೆ. ಆಗಲೂ ಕುಮಾರರಾಮ ಮಾತ್ರ ಕುಮಾರರಾಮನಾಗಿಯೇ ಉಳಿಯುತ್ತಾನೆ. ಅವನ ಬಾಯಲ್ಲಿ ಲಾರಿ ಬರುವುದಿಲ್ಲ. ಸ್ವಲ್ಪ ಹೊತ್ತಿಗೆ ಅವನು ಆಡುತ್ತಿದ್ದ ಚೆಂಡು ರತ್ನಾಜಿಯ ಅರಮನೆಗೆ ಬೀಳುತ್ತದೆ, ತರಲು ಅವನು ಹೋಗುತ್ತಾನೆ. ಅವಳ ಬಯಕೆಗೆ ಅವನು ಒಪ್ಪದಿದ್ದಾಗ ಅಟ್ಟದ ಮುಂದೆ ಕೂತ ಹೆಂಗಸರು ಉಸಿರು ಬಿಗಿಹಿಡಿಯುತ್ತಾರೆ. ಸಾರಥಿಯ ಮಾತನ್ನು ಕುಮಾರರಾಮನಿಗೆ ಕೊಟ್ಟಿದ್ದರೆ ಆ ಉಸಿರು ಬಿಗಿಯುತ್ತಿರಲಿಲ್ಲ. ಓದು ಬರಹ ಬಾರದ ಬಯಲಾಟದ ಮಾಸ್ತರರು ಕಲಿಸಿಕೊಟ್ಟ ಈ ವಿವೇಕವನ್ನು ಪದವಿ ಪಡೆದ ನಾವು ಯಾಕೆ ಬಿಟ್ಟುಕೊಡಬೇಕು?

ಅನ್ಯಾಯ ಕಣ್ಣಿಗೆ ಹೊಡೆಯುತ್ತಿರುವಾಗ ಕಲೆಯ ಸೂಕ್ಷ್ಮ ಯಾರಿಗೆ ಬೇಕು, ನೇರವಾಗಿ ಹೇಳಬೇಕು ಎನ್ನುವವರಿದ್ದಾರೆ. ನೇರವಾಗಿ ಹೇಳಿ. ಲೇಖನ ಬರೆಯಿರಿ, ಕರಪತ್ರ ಹಂಚಿ, ಹೊಸಪೇಟೆಯ ವೃತ್ತದಲ್ಲಿ ನಿಂತು ಮಾತಾಡಿ, ನಾನೂ ಬಂದು ಕೇಳುತ್ತೇನೆ. ನಿಮ್ಮ ಹೆಸರಿನಲ್ಲಿ ಆಡಬೇಕಾದ ಮಾತಿಗೆ ಜನ ಪೂಜಿಸುವವನ ಹೆಸರು ಅಂಟಿಸುವುದು ಮಾತ್ರ ಸಲ್ಲದು. ಏಕೆಂದರೆ ಆ ಮಾತಿಗೆ ಬೀಳುವ ಚಪ್ಪಾಳೆ ಅವನ ಪುಣ್ಯದಿಂದ ಬಂದದ್ದು, ನಿಮ್ಮ ವಾದದ ಬಲದಿಂದಲ್ಲ.

ಹಾಗೆಂದು ನನ್ನ ಈ ತಕರಾರನ್ನು ಯಾರೂ ಪೊಲೀಸ್ ಠಾಣೆಗೆ ಒಯ್ಯಬಾರದು. 2013ರಲ್ಲಿ ‘ಢುಂಢಿ’ ಕಾದಂಬರಿ ಬರೆದದ್ದಕ್ಕೆ ಯೋಗೇಶ್ ಮಾಸ್ಟರ್ ಅವರನ್ನು ಬಂಧಿಸಿದರು, 2017ರಲ್ಲಿ ದಾವಣಗೆರೆಯಲ್ಲಿ ಅವರ ಮುಖಕ್ಕೆ ಮಸಿ ಬಳಿದರು. 1995ರಲ್ಲಿ ಬಂದ ಪಿ.ವಿ. ನಾರಾಯಣ ಅವರ ಕಾದಂಬರಿ ‘ಧರ್ಮಕಾರಣ’ವನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು, ಸುಪ್ರೀಂ ಕೋರ್ಟ್ 2007ರಲ್ಲಿ ಆ ಮುಟ್ಟುಗೋಲನ್ನು ಎತ್ತಿಹಿಡಿಯಿತು. ‘ಟಿಪ್ಪು ನಿಜಕನಸುಗಳು’ ಪುಸ್ತಕದ ಮಾರಾಟಕ್ಕೂ ಬೆಂಗಳೂರಿನ ನ್ಯಾಯಾಲಯ ತಾತ್ಕಾಲಿಕ ತಡೆ ಕೊಟ್ಟಿತ್ತು. ಇವೆಲ್ಲ ತಪ್ಪು. ಕೆಟ್ಟ ಕಥೆಗೆ ಮದ್ದು ಓದುಗನ ನಿಷ್ಠುರ, ಮತ್ತು ಅದಕ್ಕಿಂತ ಒಳ್ಳೆಯ ಕಥೆ. ಮಸಿ ಬಳಿದಾಗ ಓದುಗ ಅಭಿಪ್ರಾಯ ಹೇಳುವ ಮುಂಚೆಯೇ ಲೇಖಕ ಹುತಾತ್ಮನಾಗುತ್ತಾನೆ, ಕೃತಿಯ ಗುಣದ ಮಾತು ಅಲ್ಲಿಗೇ ನಿಂತುಹೋಗುತ್ತದೆ.

ಈ ಸೀಮೆಯ ಹೊಸ ಬರಹಗಾರರಿಗೆ ಕೆಲಸಕ್ಕೇನೂ ಬರವಿಲ್ಲ. ಮುದಿ ರಾಯನ ಹರೆಯದ ಹೆಂಡತಿ ರತ್ನಾಜಿಯನ್ನು ಐದು ನೂರು ವರ್ಷ ಕಾವ್ಯಗಳು ಕಾಮುಕಿ ಎಂದೇ ಕರೆದಿವೆ. ಅವಳ ಕಡೆಯಿಂದ ಬರೆಯಿರಿ. ಆದರೆ ಅವಳು ಸುಳ್ಳು ಹೇಳಿ ಕುಮಾರರಾಮನ ತಲೆಗೆ ಸಂಚಕಾರ ತಂದದ್ದನ್ನು ಅಳಿಸದೆ ಬರೆಯಿರಿ, ಆಮೇಲೂ ನಾವು ಅವಳಿಗಾಗಿ ಮರುಗುವಂತೆ ಮಾಡಿ. ದಿಲ್ಲಿಯ ಸೈನ್ಯದ ಮುಂದಾಳಾಗಿ ಬಂದು ಕುಮಾರರಾಮನನ್ನು ಮುಗಿಸುವ ಮಾತಂಗಿ ಇದ್ದಾಳೆ. ಕೆಳಜಾತಿಯ ಹೆಣ್ಣೊಬ್ಬಳು ಪರನಾರೀ ಸಹೋದರನೆಂಬ ಬಿರುದಿನವನನ್ನು ಕೊಲ್ಲಲು ಕತ್ತಿ ಹಿಡಿದಳೆಂದರೆ ಅವಳಿಗೆ ಅವಳದೇ ಕಾರಣವಿರಬೇಕು. ಕುಮಾರರಾಮನ ಮರದ ತಲೆಗೆ ಇವತ್ತಿಗೂ ಪೂಜೆ ಮಾಡುವ ಊರುಗಳಿವೆ. ಆ ಊರಿನ ಜಾತ್ರೆಯಲ್ಲಿ, ಆ ಭಕ್ತರ ಎದುರಿಗೇ, ಮಾತಂಗಿಯ ನಾಟಕ ಆಡಿ. ಅವರು ಎದ್ದು ಹೋಗದೆ ಬೆಳಗಿನವರೆಗೆ ಕೂರುವಂತೆ ಬರೆದವರು ಯಾವ ಪಕ್ಷದವರೇ ಆಗಿರಲಿ, ಅವರ ನಾಟಕ ನೋಡಲು ತೋರಣಗಲ್ಲಿನಿಂದ ಮೊದಲು ಹೊರಟು ಬರುವವನು ನಾನು.