ಬಿಸಿಲಿಗೆ ಬೆಲೆ ಕಟ್ಟುವವರು ಯಾರು?



ಭತ್ತಕ್ಕೆ ಬೆಲೆ ಕಟ್ಟಿದವರು ನಾವಲ್ಲ. ರಾಗಿಗೆ, ಕಬ್ಬಿಗೆ, ಕಡಲೆಕಾಯಿಗೆ ಬೆಲೆ ಕಟ್ಟಿದವರೂ ನಾವಲ್ಲ. ಬೆಳೆಯುವವನು ಒಬ್ಬ, ಬೆಲೆ ಹೇಳುವವನು ಇನ್ನೊಬ್ಬ. ಈ ಅನ್ಯಾಯದ ವಿರುದ್ಧವೇ ರೈತ ಚಳವಳಿ ಹುಟ್ಟಿದ್ದು. ಈಗ ನಮ್ಮ ಹೊಲದ ಮೇಲೆ ಬೀಳುವ ಬಿಸಿಲೂ ಮಾರಾಟದ ಸರಕಾಗಿದೆ. ಅದಕ್ಕಾದರೂ ಬೆಲೆ ಹೇಳುವವರು ನಾವಾಗುತ್ತೇವೆಯೋ, ಇಲ್ಲ ಅಲ್ಲೂ ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತುತ್ತೇವೆಯೋ?

ಪಾವಗಡವನ್ನು ನೋಡಿ. ತುಮಕೂರು ಜಿಲ್ಲೆಯ ಆ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಗ್ರಾಮಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. 2018ರಲ್ಲಿ ಉದ್ಘಾಟನೆಯಾಯಿತು, 2019ರ ಕೊನೆಗೆ ಪೂರ್ತಿಯಾಯಿತು. ಇಲ್ಲಿ ಜಮೀನನ್ನು ಸ್ವಾಧೀನ ಮಾಡಿಕೊಳ್ಳಲಿಲ್ಲ. ಸರ್ಕಾರದ ಕಂಪನಿಯೇ ರೈತರಿಂದ 28 ವರ್ಷಕ್ಕೆ ಗುತ್ತಿಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ಕೈಕೊಟ್ಟು, ಕೊಳವೆಬಾವಿ ಬತ್ತಿ, ಕಡಲೆಕಾಯಿ ಬಿತ್ತಿದ ಬೀಜವೂ ವಾಪಸ್ ಬರದ ಸೀಮೆಯಲ್ಲಿ ಅದು ಸಣ್ಣ ದುಡ್ಡಲ್ಲ. ಜಮೀನು ಕೊಟ್ಟವರನ್ನು ಹೀಗಳೆಯುವ ಹಕ್ಕು ಯಾರಿಗೂ ಇಲ್ಲ.

ಆದರೆ ಲೆಕ್ಕ ಹಾಕಲೇಬೇಕು. ಆ ಬಾಡಿಗೆ ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರುತ್ತದೆ. ಅಂದರೆ ವರ್ಷಕ್ಕೆ ಎರಡೂವರೆಯೂ ತುಂಬುವುದಿಲ್ಲ. ಈ ಲೆಕ್ಕದಲ್ಲಿ 27ನೇ ವರ್ಷಕ್ಕೆ ಅದು ಸುಮಾರು 39,600 ರೂಪಾಯಿ. ಸಂತೆಯ ಬೆಲೆ ವರ್ಷಕ್ಕೆ ನೂರಕ್ಕೆ ಐದೇ ಏರಿತು ಅಂತ ಇಟ್ಟುಕೊಳ್ಳಿ. ಮೊದಲ ವರ್ಷ 21,000ಕ್ಕೆ ಬಂದ ಸಾಮಾನಿಗೆ 27ನೇ ವರ್ಷ ಸುಮಾರು 74,700 ರೂಪಾಯಿ ತೆರಬೇಕು. ಕಾಗದದ ಮೇಲೆ ಬಾಡಿಗೆ ಏರುತ್ತದೆ, ಸಂತೆಯಲ್ಲಿ ಅದೇ ಬಾಡಿಗೆ ಅರ್ಧಕ್ಕೆ ಇಳಿಯುತ್ತದೆ! ಬೆಲೆ ಏರಿದರೆ ನೌಕರನಿಗೆ ತುಟ್ಟಿಭತ್ಯೆ ಉಂಟು. ರೈತನ ಬಾಡಿಗೆಗೆ ಯಾಕಿಲ್ಲ?

ಕಂಪನಿಯವರ ಉತ್ತರ ಇದ್ದೇ ಇದೆ. ‘ಕರೆಂಟು ಮಾರುವ ಒಪ್ಪಂದ 25 ವರ್ಷಕ್ಕೆ ಒಂದೇ ದರಕ್ಕೆ ಆಗಿದೆ, ಹೆಚ್ಚಿಗೆ ಎಲ್ಲಿಂದ ತರೋಣ’ ಅಂತಾರೆ. ಮಾತು ಸುಳ್ಳಲ್ಲ. ಅದಕ್ಕೇ ನಾವು ಹೇಳುವುದು, ಆ ಒಪ್ಪಂದ ಆಗುವ ಮೊದಲೇ ನಮ್ಮನ್ನು ಕೇಳಬೇಕು. ಎಲ್ಲ ತೀರ್ಮಾನ ಮುಗಿಸಿ, ಶಾಮಿಯಾನ ಹಾಕಿ, ‘ನಿಮ್ಮ ಅಭಿಪ್ರಾಯ ಹೇಳಿ’ ಅಂದರೆ ಅದು ಕೇಳುವುದಲ್ಲ, ತಿಳಿಸುವುದು.

ಕಾನೂನು ಕಾಯುತ್ತದೆ ಅಂತ ಸುಮ್ಮನಿರಬೇಡಿ. ಖಾಸಗಿ ಕಂಪನಿಗೆ ಜಮೀನು ಸ್ವಾಧೀನ ಮಾಡಿಕೊಡಲು ನೂರಕ್ಕೆ ಎಂಬತ್ತು ಕುಟುಂಬಗಳ ಒಪ್ಪಿಗೆ ಬೇಕೆಂದು 2013ರ ಕೇಂದ್ರ ಕಾಯ್ದೆ ಬರೆಯಿತು. ಗುತ್ತಿಗೆ ಸ್ವಾಧೀನವಲ್ಲ, ಹಾಗಾಗಿ ಆ ಮಾತು ಇಲ್ಲಿಗೆ ಬರುವುದಿಲ್ಲ. 2006ರ ಪರಿಸರ ಅಧಿಸೂಚನೆಯ ಪಟ್ಟಿಯಲ್ಲಿ ಸೋಲಾರ್ ಸ್ಥಾವರ ಇಲ್ಲ, ಹಾಗಾಗಿ ಅದರಡಿ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ. ಉಳಿದಿರುವುದು ನಮ್ಮ ಗ್ರಾಮಸಭೆ ಒಂದೇ.

‘ನನ್ನ ಜಮೀನು ಕೊಡೋಕೆ ಊರನ್ನ ಯಾಕೆ ಕೇಳ್ಬೇಕು?’ ಅಂತ ಕೆಲವರು ಕೇಳುತ್ತಾರೆ. ಕೇಳಬೇಕು ಕಣಪ್ಪ. ಮೂರು ಎಕರೆಯ ನೀನು ಒಬ್ಬನೇ ಕೂತರೆ ಅವರು ಹೇಳಿದ್ದೇ ದರ. ಮುನ್ನೂರು ಎಕರೆಯವರು ಒಟ್ಟಿಗೆ ಕೂತರೆ ಅವರೂ ಕೂತು ಮಾತಾಡಬೇಕು. ಸುತ್ತಲಿನವರೆಲ್ಲ ಕೊಟ್ಟು ನೀನೊಬ್ಬ ಉಳಿದರೆ, ನಿನ್ನ ಎತ್ತಿನ ಗಾಡಿಗೆ ದಾರಿ ಎಲ್ಲಿ? ಇನ್ನೂ ಒಂದು ಮಾತು. ಜಮೀನುಳ್ಳವನಿಗೆ ಬಾಡಿಗೆ ಬರುತ್ತದೆ. ಕಳೆ ಕೀಳುವ ಹೆಂಗಸಿಗೆ, ಕುರಿ ಮೇಯಿಸುವವನಿಗೆ, ವಾರಕ್ಕೆ ಉಳುವವನಿಗೆ ಬರುವುದು ಬೇಲಿ. ನಮ್ಮ ಹೊಲದಲ್ಲಿ ಬೆವರು ಸುರಿಸಿದವರನ್ನು ಬಿಟ್ಟು ಮಾಡಿದ ಸಭೆ ಊರಿನ ಸಭೆಯಾಗುವುದಿಲ್ಲ.

ಆದ್ದರಿಂದ ಗುತ್ತಿಗೆ ಕಾಗದ ನಿಮ್ಮೂರಿಗೆ ಬಂದ ದಿನ ಇಷ್ಟು ಮಾಡಿ. ಗ್ರಾಮಸಭೆ ಕರೆಸಿ, ಕರಾರನ್ನು ಕನ್ನಡದಲ್ಲಿ ಪೂರ್ತಿ ಓದಿಸಿ. ಬಾಡಿಗೆ ಏರಿಕೆ ಬೆಲೆ ಸೂಚ್ಯಂಕದ ಜೊತೆ ನಡೆಯಲಿ ಅಂತ ಬರೆಸಿ. ಪಹಣಿಯ ಋಣದ ಕಾಲಂನಲ್ಲಿ ಏನು ಏರಿಸುತ್ತಾರೆ, ಆಮೇಲೆ ಬ್ಯಾಂಕಿನಲ್ಲಿ ಸಾಲ ಹುಟ್ಟುತ್ತದೆಯೇ, ಕೇಳಿ. ಬದು, ಬಾಂದುಕಲ್ಲು ಕಿತ್ತ ಮೇಲೆ ಯಾರ ಹೊಲ ಎಲ್ಲಿತ್ತು ಅಂತ ತೋರಿಸುವ ನಕ್ಷೆ ಎಲ್ಲಿರುತ್ತದೆ, ಅವಧಿ ಮುಗಿದಾಗ ಕಬ್ಬಿಣ, ಕಾಂಕ್ರೀಟು ಕಿತ್ತು ಉಳುವಂತೆ ಮಾಡಿಕೊಡುವವರು ಯಾರು, ಅದಕ್ಕೆ ಠೇವಣಿ ಎಷ್ಟು, ಕೇಳಿ. ಫಲಕ ತೊಳೆಯುವ ನೀರು ಯಾವ ಬಾವಿಯದು, ದನದ ದಾರಿ ಎಲ್ಲಿ, ಕೂಲಿಯವರಿಗೆ ಎಷ್ಟು ಕೆಲಸ, ಎಲ್ಲವನ್ನೂ ನಡವಳಿ ಪುಸ್ತಕಕ್ಕೆ ಏರಿಸಿ. ಗುತ್ತಿಗೆ ಒಂದೇ ದಾರಿಯಲ್ಲ ಅನ್ನುವುದೂ ನೆನಪಿರಲಿ. 2019ರ ಕುಸುಮ್ ಯೋಜನೆ 500 ಕಿಲೋವ್ಯಾಟಿನಿಂದ 2 ಮೆಗಾವ್ಯಾಟಿನವರೆಗೆ ರೈತರೇ, ಸಹಕಾರ ಸಂಘಗಳೇ ಸ್ಥಾವರ ಹಾಕಿ ಕರೆಂಟು ಮಾರಬಹುದು ಎಂದಿತು. ಆ ಲೆಕ್ಕವನ್ನೂ ಅದೇ ಸಭೆಯಲ್ಲಿ ಇಡಿಸಿ.

1980ರ ದಶಕದಲ್ಲಿ ರೈತ ಸಂಘದ ಊರುಗಳ ಬಾಗಿಲಲ್ಲಿ ಫಲಕವೊಂದು ನಿಂತಿತ್ತು. ಊರಿನ ಅಪ್ಪಣೆಯಿಲ್ಲದೆ ಅಧಿಕಾರಿಗಳು ಒಳಗೆ ಕಾಲಿಡಬಾರದು ಎಂದು ಅದು ಹೇಳುತ್ತಿತ್ತು. ಸಾಲದ ಜಪ್ತಿಗೆ ಬಂದವರು ಅದನ್ನು ಓದಿ ನಿಂತರು. ಬಿಸಿಲು ಕೊಳ್ಳಲು ಬರುವವರಿಗೂ ಊರ ಬಾಗಿಲು ಅದೇ. ನಾವು ಸೋಲಾರಿಗೆ ವಿರೋಧಿಗಳಲ್ಲ. ಸಹಿ ಮೊದಲು, ಸಭೆ ಆಮೇಲೆ ಅನ್ನುವವರಿಗೆ ವಿರೋಧಿಗಳು. ಸಭೆ ಮುಗಿಯುವವರೆಗೆ ನಿಮ್ಮ ಪೆನ್ನು ಜೇಬಿನಲ್ಲೇ ಇರಲಿ.