ಶಸ್ತ್ರಚಿಕಿತ್ಸೆಗೆ ಮುನ್ನ ಧ್ಯಾನ

ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದ ರೋಗಿಯ ಆತಂಕ ಬೇರೆ ಆಪರೇಷನ್‌ಗಳ ಮುಂಚಿನ ಅಂಜಿಕೆಗಿಂತ ಭಾರವಾದದ್ದು. ಅರಿವಳಿಕೆಯ ಭಯ, ನೋವಿನ ಭಯ ಎಲ್ಲರಿಗೂ ಇರುತ್ತದೆ. ಇಲ್ಲಿ ಅದರ ಮೇಲೆ, ಗಡ್ಡೆ ಎಷ್ಟು ಹರಡಿದೆಯೋ, ಸ್ತನವನ್ನೋ ನಾಲಗೆಯನ್ನೋ ಎಷ್ಟು ತೆಗೆಯುತ್ತಾರೋ, ಮುಂದೆ ಕೀಮೋ ಬೇಕಾದೀತೋ ಎಂಬ ಪ್ರಶ್ನೆಗಳೂ ಸೇರಿಕೊಳ್ಳುತ್ತವೆ. ನಿದ್ದೆ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ. ಆತಂಕ ಹೆಚ್ಚಿದ್ದವರನ್ನು ಆಪರೇಷನ್ ಆದಮೇಲೆ ನೋವೂ ಹೆಚ್ಚು ಕಾಡುವುದುಂಟು. ಇದನ್ನು ತಗ್ಗಿಸುವ ಉಪಾಯಗಳಲ್ಲಿ ಮಾರ್ಗದರ್ಶಿತ ಧ್ಯಾನ ಒಂದು: ಒಬ್ಬರು ಮೆಲುದನಿಯಲ್ಲಿ ಸೂಚನೆ ಕೊಡುತ್ತ ಹೋಗುತ್ತಾರೆ, ರೋಗಿ ಮಲಗಿದಲ್ಲಿಂದಲೇ ಅದನ್ನು ಅನುಸರಿಸುತ್ತಾರೆ.

ಭಾರತದಲ್ಲಿ ಇದರ ಪರಿಚಿತ ರೂಪ ಯೋಗನಿದ್ರೆ. ಈಗ ಬಳಕೆಯಲ್ಲಿರುವ ಕ್ರಮವನ್ನು ರೂಪಿಸಿದವರು ಬಿಹಾರ ಯೋಗ ಶಾಲೆಯ ಸ್ವಾಮಿ ಸತ್ಯಾನಂದ ಸರಸ್ವತಿ. ಶವಾಸನದಲ್ಲಿ ಗಮನ ಬಲಗೈ ಹೆಬ್ಬೆರಳಿನಿಂದ ಹೊರಡುತ್ತದೆ. ಉಳಿದ ಬೆರಳುಗಳು, ಅಂಗೈ, ಮಣಿಕಟ್ಟು, ಮೊಣಕೈ, ಭುಜ, ಕಂಕುಳು, ಸೊಂಟ ಎಂದು ಎಲ್ಲಿಯೂ ನಿಲ್ಲದೆ ಬಲಗಾಲಿನ ಬೆರಳಿಗೆ ಇಳಿಯುತ್ತದೆ. ಬಳಿಕ ಎಡಭಾಗ. ಆಮೇಲೆ ಉಸಿರಿನ ಜೊತೆ 27ರಿಂದ 1ರವರೆಗೆ ಹಿಮ್ಮುಖ ಎಣಿಕೆ. ತಪ್ಪಿದರೆ ಮತ್ತೆ ಮೊದಲಿನಿಂದ. ಮನಸ್ಸಿಗೆ ಸಣ್ಣದೊಂದು ಕೆಲಸ ಸಿಕ್ಕಿರುವಷ್ಟು ಹೊತ್ತು ಭಯಕ್ಕೆ ಜಾಗ ಕಡಿಮೆ. ನಿಧಾನವಾಗಿ ಬಿಟ್ಟ ಉಸಿರು ವೇಗಸ್ ನರದ ಮೂಲಕ ಹೃದಯದ ಬಡಿತವನ್ನೂ ಇಳಿಸುತ್ತದೆ.

ಈ ವಿಷಯದಲ್ಲಿ ಕರ್ನಾಟಕದ್ದೇ ಆದ ಸಂಶೋಧನೆಯಿದೆ. ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದವರು ಬೆಂಗಳೂರು ಇನ್‌ಸ್ಟಿಟ್ಯೂಟ್ ಆಫ್ ಆಂಕಾಲಜಿಯ ವೈದ್ಯರ ಜೊತೆ ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ನಡೆಸಿ 2008 ಮತ್ತು 2009ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಉಸಿರಾಟ, ವಿಶ್ರಾಂತಿ, ಧ್ಯಾನ ಸೇರಿದ ಯೋಗಕ್ರಮ ಕಲಿತವರಲ್ಲಿ ಆತಂಕ ತಗ್ಗಿತ್ತು. ಆಸ್ಪತ್ರೆಯಿಂದ ಬೇಗ ಮನೆಗೆ ಹೋಗಿದ್ದರು, ಹೊಲಿಗೆಯನ್ನೂ ಬೇಗ ತೆಗೆಯಲು ಸಾಧ್ಯವಾಗಿತ್ತು. ಕೊನೆವರೆಗೆ ಉಳಿದವರ ಸಂಖ್ಯೆ ಸಣ್ಣದು, ಧ್ಯಾನವೊಂದನ್ನೇ ಬೇರ್ಪಡಿಸಿ ಪರೀಕ್ಷಿಸಿದ್ದೂ ಅಲ್ಲ. ಆದರೂ ಈ ಫಲಿತಾಂಶ ಕಡೆಗಣಿಸುವಂಥದ್ದಲ್ಲ. ನ್ಯೂಯಾರ್ಕಿನ ಮೌಂಟ್ ಸಿನಾಯ್‌ನಲ್ಲಿ 200 ಮಹಿಳೆಯರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಹತ್ತಿರದ್ದು. ಸ್ತನದ ಶಸ್ತ್ರಚಿಕಿತ್ಸೆಗೆ ಮುಂಚೆ ಕೇವಲ 15 ನಿಮಿಷ ಸಮ್ಮೋಹನದ ಸೂಚನೆಗಳನ್ನು ಕೇಳಿದವರಿಗೆ ಅರಿವಳಿಕೆ ಔಷಧಿ ಕಡಿಮೆ ಸಾಕಾಯಿತು. ನೋವು, ವಾಕರಿಕೆ, ದಣಿವೂ ಕಡಿಮೆಯಿತ್ತು. 2023ರಲ್ಲಿ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘಗಳು ರೋಗಿಗಳ ಆತಂಕಕ್ಕೆ ಸಾವಧಾನ (ಮೈಂಡ್‌ಫುಲ್‌ನೆಸ್) ಧ್ಯಾನವನ್ನು ಶಿಫಾರಸು ಮಾಡಿದವು.

ಮಂಗಳೂರಿನಂಥ ಹಲವು ಭಾಷೆಗಳ ಊರಿನಲ್ಲಿ ಮಾರ್ಗದರ್ಶಿತ ಧ್ಯಾನವನ್ನು ಬಳಸುವಾಗ ಎಲ್ಲಕ್ಕಿಂತ ಮುಖ್ಯವಾಗುವುದು, ಸೂಚನೆ ಯಾವ ಮಾತಿನಲ್ಲಿದೆ ಎಂಬುದು. ಕಂಕನಾಡಿ, ಅತ್ತಾವರ, ದೇರಳಕಟ್ಟೆಯ ಆಸ್ಪತ್ರೆಗಳಿಗೆ ಕಾಸರಗೋಡಿನಿಂದಲೂ ಘಟ್ಟದ ಮೇಲಿನಿಂದಲೂ ರೋಗಿಗಳು ಬರುತ್ತಾರೆ. ಒಂದೇ ವಾರ್ಡಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕನ್ನಡ ಕೇಳಿಸುತ್ತವೆ. ಬಂಟ್ವಾಳದ ಹಳ್ಳಿಯಿಂದ ಬಂದ, ತುಳುವಷ್ಟೇ ಬಲ್ಲ ಅಜ್ಜಿಗೆ ಇಂಗ್ಲಿಷ್ ಆ್ಯಪ್ ಇರಲಿ, ಗ್ರಾಂಥಿಕ ಕನ್ನಡದ ಧ್ವನಿಮುದ್ರಣವೂ ಉಪಯೋಗಕ್ಕೆ ಬಾರದು. ಅದೇ ವಾರ್ಡಿನ ತುಳು ಬಲ್ಲ ನರ್ಸ್ ಒಬ್ಬರು ಮೊಬೈಲಿನಲ್ಲಿ 15 ನಿಮಿಷ ಮಾತಾಡಿ ಮುದ್ರಿಸಿಕೊಟ್ಟರೆ ಖರ್ಚೇ ಇಲ್ಲದೆ ಕೆಲಸವಾಗುತ್ತದೆ. ಕಲ್ಪನೆಯ ಚಿತ್ರಗಳನ್ನೂ ಆರಿಸಿಕೊಳ್ಳಬೇಕು. ಮಳೆಗಾಲದಲ್ಲಿ ಮನೆಯಂಗಳದವರೆಗೆ ಕಡಲ್ಕೊರೆತ ಕಂಡ ಉಳ್ಳಾಲದವರಿಗೆ ಕಡಲ ದಡ ನೆಮ್ಮದಿಯ ಜಾಗವಾಗದಿರಬಹುದು. ಯಾವುದೇ ದೇವರ ಹೆಸರು ಸೂಚನೆಯಲ್ಲಿ ಬಾರದಿದ್ದರೆ ಚರ್ಚಿಗೆ, ಮಸೀದಿಗೆ, ದೈವಸ್ಥಾನಕ್ಕೆ ಹೋಗುವವರೆಲ್ಲ ಸಂಕೋಚವಿಲ್ಲದೆ ಕೇಳಬಹುದು. ಅಡಿಕೆ, ತಂಬಾಕು ಜಗಿದು ಬಾಯಿಯ ಕ್ಯಾನ್ಸರ್ ಬಂದ ಹಲವರಲ್ಲಿ ದವಡೆ ಬಿಗಿದಿರುತ್ತದೆ. ಬಾಯಗಲಿಸಿ ಉಸಿರು ಬಿಡಿ ಎಂಬ ಸೂಚನೆ ಅವರಿಗೆ ಹಿಂಸೆ. ಸ್ತನ ಕಳೆದುಕೊಳ್ಳಲಿರುವ ಮಹಿಳೆಯ ಗಮನವನ್ನು ಎದೆಯ ಮೇಲೆ ನಿಲ್ಲಿಸುವ ಮುನ್ನ ಆಕೆಯನ್ನು ಕೇಳಬೇಕು.

ಆಪರೇಷನ್ನಿನ ಬೆಳಿಗ್ಗೆ ಮೊದಲ ಸಲ ಕೇಳಿಸಿದರೆ ಲಾಭ ಅಷ್ಟಕ್ಕಷ್ಟೆ. ದಾಖಲಾಗುವ ಮುಂಚಿನ ದಿನಗಳಿಂದಲೇ, ರಾತ್ರಿ ಮಲಗುವಾಗ ರೂಢಿಯಾಗಬೇಕು. ಥಿಯೇಟರಿನ ಬಾಗಿಲಾಚೆ ಮೊಬೈಲು ಜೊತೆಗಿರದ ಕಾರಣ ಉಸಿರಿನ ಎಣಿಕೆಯಾದರೂ ಬಾಯಿಪಾಠವಾಗಿರುವುದು ಒಳ್ಳೆಯದು.

ಧ್ಯಾನ ಗಡ್ಡೆಯನ್ನು ಕರಗಿಸುವುದಿಲ್ಲ. ಅದನ್ನು ನಂಬಿ ಆಪರೇಷನ್ ಮುಂದೂಡುವುದು ಪ್ರಾಣಕ್ಕೆ ಅಪಾಯ. ವೈದ್ಯರು ಬಿಡಿಸಿ ಹೇಳಬೇಕಾದ ಮಾತಿಗಾಗಲಿ, ಅವರು ಕೊಡುವ ಆತಂಕದ ಮಾತ್ರೆಗಾಗಲಿ ಅದು ಬದಲಿಯಲ್ಲ. ಕಣ್ಣು ಮುಚ್ಚಿದೊಡನೆ ಗಾಬರಿ ಹೆಚ್ಚುವವರು ಕಣ್ಣು ತೆರೆದೇ ಕೇಳಬಹುದು, ನಿಲ್ಲಿಸಿಬಿಡಲೂಬಹುದು. ಹಿಂದೆ ಮಾನಸಿಕ ಕಾಯಿಲೆ ಇದ್ದವರು ಆರಂಭಿಸುವ ಮೊದಲು ಮನೋವೈದ್ಯರಿಗೆ ತಿಳಿಸಬೇಕು.