ಚುಕ್ಕಿ ಫಲಕಕ್ಕೆ ತಕ್ಕ ಚಾಲಕ

ಶಾಲಾ ಕಾಲೇಜುಗಳ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ, ಕೆಂಪು ಚುಕ್ಕಿಗಳಿಂದ ಅಕ್ಷರಗಳನ್ನು ಮೂಡಿಸಿ ಬಲದಿಂದ ಎಡಕ್ಕೆ ಹರಿಯಿಸುವ ಎಲ್‌ಇಡಿ ಫಲಕವನ್ನು ನಾವು ಈಗ ಮೇಲಿಂದ ಮೇಲೆ ಕಾಣುತ್ತೇವೆ. ನೋಡುವವರಿಗೆ ಸಂತೋಷ, ಮಾಡಿದವರಿಗೆ ಹೆಮ್ಮೆ. ಆದರೆ ‘ಒಂದು ಚೌಕದಲ್ಲಿ 64 ದೀಪಗಳಿದ್ದರೂ ಪ್ರವಾಹವನ್ನು ನಿಯಮಿಸುವ ರೋಧಕ ಒಂದೇ ಒಂದಿದೆಯಲ್ಲ, ಅದು ಹೇಗೆ?’ ಎಂದು ಕೇಳಿದರೆ ಉತ್ತರ ಬರುವುದು ಅಪರೂಪ. ಅಂಗಡಿಯಿಂದ ಸಿದ್ಧ ಹಲಗೆಯನ್ನು ತಂದು, ಪರರು ಬರೆದ ಪ್ರೋಗ್ರಾಮನ್ನು ಅದಕ್ಕೆ ತುಂಬಿದವರು ಆ ಪ್ರಶ್ನೆಯನ್ನು ಎದುರಿಸುವ ಪ್ರಸಂಗವೇ ಬಂದಿರುವುದಿಲ್ಲ. ಚಾಲಕ ಚಿಪ್‌ನ ಆಯ್ಕೆ ಅಂಗಡಿಯ ಕಪಾಟಿನಲ್ಲಿ ನಡೆಯಕೂಡದು, ವಿದ್ಯಾರ್ಥಿಯ ಲೆಕ್ಕದ ಪುಸ್ತಕದಲ್ಲಿ ನಡೆಯಬೇಕು ಎಂಬುದು ನಮ್ಮ ಅಭಿಪ್ರಾಯ. ಆ ಲೆಕ್ಕ ಕಠಿನವೂ ಅಲ್ಲ. ಓಮ್‌ನ ನಿಯಮವನ್ನು ಬಲ್ಲವರೆಲ್ಲರೂ ಅದನ್ನು ಮಾಡಬಲ್ಲರು.

ಎಂಟು ಅಡ್ಡಸಾಲು, ಎಂಟು ಕಂಬಸಾಲುಗಳ ಚೌಕವನ್ನು ತೆಗೆದುಕೊಳ್ಳೋಣ. ಪ್ರತಿಯೊಂದು ದೀಪಕ್ಕೂ ಬೇರೆ ತಂತಿ ಎಳೆದರೆ, ಎಲ್ಲಕ್ಕೂ ಸಾಮಾನ್ಯವಾದ ಒಂದು ಸೇರಿ 65 ತಂತಿಗಳು ಬೇಕಾಗುತ್ತವೆ. ಅದನ್ನು ತಪ್ಪಿಸಲು ಒಂದು ಅಡ್ಡಸಾಲಿನ ಎಂಟೂ ಆನೋಡ್‌ಗಳನ್ನು ಒಂದು ತಂತಿಗೂ, ಒಂದು ಕಂಬಸಾಲಿನ ಎಂಟೂ ಕ್ಯಾಥೋಡ್‌ಗಳನ್ನು ಇನ್ನೊಂದು ತಂತಿಗೂ ಸೇರಿಸಿರುತ್ತಾರೆ. ಹೀಗೆ 16 ತಂತಿಗಳಲ್ಲಿ ಕೆಲಸ ಮುಗಿಯುತ್ತದೆ. ಆದರೆ ಇದಕ್ಕೆ ತೆರಬೇಕಾದ ಬೆಲೆಯೊಂದುಂಟು. ಒಮ್ಮೆಗೆ ಒಂದು ಅಡ್ಡಸಾಲನ್ನು ಮಾತ್ರ ಬೆಳಗಿಸಿ, ಒಡನೆಯೇ ಮುಂದಿನದಕ್ಕೆ ಹೋಗಬೇಕು. ಸೆಕೆಂಡಿಗೆ ನೂರು ಸಲ ಇಡೀ ಚೌಕವನ್ನು ಸುತ್ತಿದರೆ ಒಂದೊಂದು ಸಾಲಿಗೆ ದೊರೆಯುವ ಕಾಲ 1.25 ಮಿಲಿಸೆಕೆಂಡ್. ದೃಷ್ಟಿಸಾತತ್ಯದ ದೆಸೆಯಿಂದ ನಮ್ಮ ಕಣ್ಣಿಗೆ ಎಲ್ಲ ಸಾಲುಗಳೂ ಏಕಕಾಲಕ್ಕೆ ಉರಿಯುವಂತೆ ತೋರುತ್ತದೆ. ದೀಪವಾದರೋ ಎಂಟರಲ್ಲಿ ಒಂದು ಪಾಲು ಕಾಲ ಮಾತ್ರ ಉರಿದಿರುತ್ತದೆ. ಉರಿಯುವಾಗ 20 ಮಿಲಿಆಂಪಿಯರ್ ಕೊಟ್ಟರೂ ಸರಾಸರಿ ಸಿಕ್ಕುವುದು ಎರಡೂವರೆ ಮಿಲಿಆಂಪಿಯರ್.

ತೊಡಕು ಆರಂಭವಾಗುವುದು ಇಲ್ಲಿಯೇ. ಒಂದು ಸಾಲಿನ ಎಂಟು ದೀಪಗಳೂ ಒಟ್ಟಿಗೆ ಉರಿದಾಗ ಆ ಸಾಲಿನ ತಂತಿಯಲ್ಲಿ ಹರಿಯುವ ಪ್ರವಾಹ 160 ಮಿಲಿಆಂಪಿಯರ್. ಅಗ್ಗವಾಗಿ ದೊರೆಯುವ 74ಎಚ್‌ಸಿ595 ಎಂಬ ಷಿಫ್ಟ್ ರಿಜಿಸ್ಟರ್ ಚಿಪ್‌ನ ಮಾಹಿತಿಪತ್ರವನ್ನು ತೆರೆದು ನೋಡಿದರೆ, ಒಂದು ಕಾಲಿನ ಪ್ರವಾಹ ಎಂದಿಗೂ 35 ಮಿಲಿಆಂಪಿಯರನ್ನು ಮೀರಕೂಡದೆಂದಿದೆ. ಅಲ್ಲಿಗೆ ಅಡ್ಡಸಾಲುಗಳಿಗೆ ಅದು ಒದಗದು. ಕಂಬಸಾಲುಗಳಿಗಾದರೂ ಆಗಬಹುದಲ್ಲ, ಅಲ್ಲಿ ಕಾಲಿಗೆ 20 ಮಾತ್ರವಲ್ಲವೆ, ಎಂದು ಅನೇಕರು ಎಣಿಸುತ್ತಾರೆ. ಅದೇ ಪತ್ರದಲ್ಲಿ ಇನ್ನೊಂದು ಪಂಕ್ತಿಯುಂಟು: ಇಡೀ ಚಿಪ್‌ನ ಗ್ರೌಂಡ್ ಕಾಲಿನ ಮೂಲಕ ಹರಿಯಬಹುದಾದ ಗರಿಷ್ಠ ಪ್ರವಾಹ 70 ಮಿಲಿಆಂಪಿಯರ್. ಎಂಟು ಕಾಲುಗಳ 160 ಅದರ ಇಮ್ಮಡಿಗಿಂತಲೂ ಹೆಚ್ಚು. ಹಾಗೆ ಜೋಡಿಸಿದ ಫಲಕ ಮೊದಲ ದಿನ ಉರಿಯಲೂಬಹುದು. ಉರಿಯಿತೆಂದಮಾತ್ರಕ್ಕೆ ಅದು ಸರಿಯಾದ ಜೋಡಣೆಯಾಗಲಿಲ್ಲ.

ಆದುದರಿಂದ ಕಂಬಸಾಲುಗಳಿಗೆ ಟಿಪಿಐಸಿ6ಬಿ595 ತಕ್ಕದ್ದು. ಇದೂ ಷಿಫ್ಟ್ ರಿಜಿಸ್ಟರೇ. ಆದರೆ ಇದರ ಒಂದೊಂದು ಕಾಲೂ 150 ಮಿಲಿಆಂಪಿಯರನ್ನು ಗ್ರೌಂಡಿನತ್ತ ಸೆಳೆದುಕೊಳ್ಳಬಲ್ಲುದು. ಹೊರಕ್ಕೆ ಪ್ರವಾಹ ಕೊಡಲಾರದು. ಅಡ್ಡಸಾಲುಗಳಿಗೆ ಪ್ರವಾಹ ಕೊಡಲು ಎಂಟು ಪಿ-ಚಾನೆಲ್ ಮಾಸ್‌ಫೆಟ್‌ಗಳನ್ನಿಟ್ಟು, ಅವನ್ನು 74ಎಚ್‌ಸಿ138 ಎಂಬ ಡಿಕೋಡರಿನಿಂದ ನಡೆಸಬಹುದು. ಈ ಡಿಕೋಡರ್ ಒಮ್ಮೆಗೆ ಒಂದೇ ಕಾಲನ್ನು ತಗ್ಗಿಸುತ್ತದೆ. ಪ್ರೋಗ್ರಾಮಿನಲ್ಲಿ ಎಷ್ಟೇ ಪ್ರಮಾದವಿದ್ದರೂ ಎರಡು ಸಾಲುಗಳು ಕೂಡಿ ಉರಿಯಲಾರವು. ರೋಧಕಗಳನ್ನು ಕಂಬಸಾಲಿಗೊಂದರಂತೆ ಎಂಟು ಇಡಬೇಕು. ಹಣ ಉಳಿಸಲೆಂದು ಅಡ್ಡಸಾಲಿನ ತಂತಿಯಲ್ಲಿ ಒಂದೇ ರೋಧಕವನ್ನಿಟ್ಟರೆ, ಒಂದು ಚುಕ್ಕಿ ಉರಿಯುವ ಸಾಲು ಪ್ರಖರವಾಗಿಯೂ ಎಂಟು ಉರಿಯುವ ಸಾಲು ಮಂಕಾಗಿಯೂ ಕಾಣುವುದು. ಇನ್ನು ರೋಧಕದ ಬೆಲೆ: 5 ವೋಲ್ಟಿನಲ್ಲಿ ಕೆಂಪು ದೀಪಕ್ಕೆ ಸುಮಾರು 2, ಮಾಸ್‌ಫೆಟ್ಟಿಗೂ ಚಿಪ್‌ಗೂ ಸೇರಿ ಸುಮಾರು 0.3 ಕಳೆದರೆ ಉಳಿಯುವುದು 2.7 ವೋಲ್ಟ್. ಅದನ್ನು 20 ಮಿಲಿಆಂಪಿಯರಿನಿಂದ ಭಾಗಿಸಿದರೆ 135 ಓಮ್. ಅಂಗಡಿಯಲ್ಲಿ ಸುಲಭವಾಗಿ ದೊರೆಯುವ 150 ಓಮಿನದನ್ನು ಹಾಕಿದರೆ ಪ್ರವಾಹ 18ಕ್ಕಿಳಿಯುತ್ತದೆ; ಕಣ್ಣಿಗೆ ವ್ಯತ್ಯಾಸ ತಿಳಿಯದು.

ಸಾಲಿನಿಂದ ಸಾಲಿಗೆ ಹೋಗುವಾಗ ಮೊದಲು ಫಲಕವನ್ನು ಆರಿಸಿ, ಆಮೇಲೆ ಹೊಸ ಸಾಲಿನ ಚುಕ್ಕಿಗಳನ್ನು ಸಿದ್ಧಪಡಿಸಿ, ಸಾಲನ್ನು ಬದಲಿಸಿ, ಅನಂತರ ಬೆಳಗಿಸಬೇಕು. ಈ ಕ್ರಮ ತಪ್ಪಿದರೆ ಹಿಂದಿನ ಸಾಲಿನ ನೆರಳು ಮುಂದಿನದರಲ್ಲಿ ಮಸುಕಾಗಿ ಕಾಣುತ್ತದೆ. ಬೆಳಕು ಸಾಲದೆಂದು ಪ್ರವಾಹವನ್ನು 80 ಮಿಲಿಆಂಪಿಯರಿಗೆ ಏರಿಸುವವರೂ ಇದ್ದಾರೆ. ಎಂಟನೆಯ ಒಂದು ಪಾಲು ಕಾಲಕ್ಕೆ ಅದು ಸರಾಸರಿ 10 ಆಗುತ್ತದೆಂಬುದು ನಿಜ. ಆದರೆ ಪ್ರೋಗ್ರಾಂ ಎಲ್ಲಿಯೋ ಸಿಕ್ಕಿಕೊಂಡು ಒಂದೇ ಸಾಲಿನ ಮೇಲೆ ನಿಂತುಬಿಟ್ಟರೆ ಆ ದೀಪಗಳು ಎಡೆಬಿಡದೆ 80ನ್ನು ಹೊರಬೇಕಾಗುವುದು. ಸುಟ್ಟುಹೋಗುವುದಕ್ಕೆ ಅಷ್ಟು ಸಾಕು. ಕಲಿಯುವವರ ಪ್ರೋಗ್ರಾಂ ನಿಲ್ಲದೆ ಇರುವುದುಂಟೆ? ನಿಂತರೂ ದೀಪ ಬದುಕುವಷ್ಟೇ ಪ್ರವಾಹವನ್ನು ಮೊದಲ ಫಲಕಕ್ಕೆ ಕೊಡುವುದು ಲೇಸು.

ಹಾಗಾದರೆ ಸಿದ್ಧ ಹಲಗೆಯ ಮೇಲಿರುವ ಮ್ಯಾಕ್ಸ್7219 ಕೆಟ್ಟ ಚಿಪ್ ಎಂದು ನಾವು ಹೇಳುತ್ತಿರುವೆವೆ? ಖಂಡಿತ ಇಲ್ಲ, ಅದೊಂದು ಸೊಗಸಾದ ಚಿಪ್. ಸಾಲುಗಳನ್ನು ಸೆಕೆಂಡಿಗೆ ಸುಮಾರು 800 ಸಲ ತಾನೇ ಸುತ್ತುತ್ತದೆ. ಮೈಕ್ರೋಕಂಟ್ರೋಲರ್ ನಿಂತುಹೋದರೆ ಚಿತ್ರ ನಿಲ್ಲುವುದೇ ಹೊರತು ದೀಪ ಸುಡುವುದಿಲ್ಲ. ಒಂದು ಪಾರ್ಶ್ವದ ಎಂಟೂ ತಂತಿಗಳಿಗೆ ಸಮಪ್ರವಾಹವನ್ನು ಒಳಗಿನಿಂದಲೇ ಅಳೆದುಕೊಡುವುದರಿಂದ ಹೊರಗೆ ಎಂಟು ರೋಧಕಗಳು ಬೇಕಿಲ್ಲ. ಆ ಅಳತೆಯನ್ನು ಗೊತ್ತುಪಡಿಸುವುದೇ ನಾವು ಮೊದಲು ಹೇಳಿದ ಒಂಟಿ ರೋಧಕ. 2 ವೋಲ್ಟಿನ ಕೆಂಪು ದೀಪಕ್ಕೆ 40 ಮಿಲಿಆಂಪಿಯರ್ ಬೇಕಾದರೆ 11.8 ಕಿಲೋಓಮ್, 20 ಬೇಕಾದರೆ 28 ಕಿಲೋಓಮ್ ಎಂದು ಮಾಹಿತಿಪತ್ರದ ಕೋಷ್ಟಕ ತಿಳಿಸುತ್ತದೆ. ಸೊಗಸನ್ನು ಸವಿಯಲು ಅದರ ಹಿಂದಿನ ಕಷ್ಟವನ್ನು ಒಮ್ಮೆ ಅನುಭವಿಸಿರಬೇಕು. ಆದ್ದರಿಂದಲೇ ಮೊದಲನೆಯ ಚೌಕವನ್ನು ಬಿಡಿ ಚಿಪ್‌ಗಳಿಂದ ಕಟ್ಟಿ, ಎರಡನೆಯದರಿಂದ ಮುಂದಕ್ಕೆ ಮ್ಯಾಕ್ಸ್7219ಕ್ಕೆ ಹೋಗಿರೆಂದು ನಮ್ಮ ಸಲಹೆ.

ಅದರಲ್ಲಿಯೂ ಎಡವುವ ಕಲ್ಲೊಂದಿದೆ. 5 ವೋಲ್ಟಿನಲ್ಲಿ ನಡೆಯುವ ಈ ಚಿಪ್, ತನಗೆ ಬರುವ ಸಂಕೇತ ಕನಿಷ್ಠ 3.5 ವೋಲ್ಟ್ ಇರಬೇಕೆಂದು ಬಯಸುತ್ತದೆ. ರಾಸ್ಪ್‌ಬೆರಿ ಪೈ, ಇಎಸ್‌ಪಿ32 ಮೊದಲಾದವು ಕೊಡುವುದು 3.3 ಮಾತ್ರ. ಮನೆಯ ಮೇಜಿನ ಮೇಲೆ ಸರಿಯಾಗಿ ಓಡಿದ ಫಲಕ ಪ್ರದರ್ಶನದ ಮಂಟಪದಲ್ಲಿ ಉದ್ದನೆಯ ತಂತಿ ಸೇರಿದೊಡನೆ ಅಡ್ಡಾದಿಡ್ಡಿ ಚುಕ್ಕಿಗಳನ್ನು ತೋರಿಸಿದರೆ ಇದು ಕಾರಣವಾಗಿರಬಹುದು. ನಡುವೆ 74ಎಚ್‌ಸಿಟಿ125 ಇಟ್ಟು ಅದಕ್ಕೂ 5 ವೋಲ್ಟ್ ಕೊಟ್ಟರೆ ಈ ದೋಷ ನಿವಾರಣೆಯಾಗುತ್ತದೆ. ಚಿಪ್‌ನ ಪಕ್ಕದಲ್ಲಿಯೇ 10 ಮತ್ತು 0.1 ಮೈಕ್ರೋಫ್ಯಾರಡ್‌ಗಳ ಎರಡು ಕೆಪಾಸಿಟರ್‌ಗಳಿರಬೇಕೆಂಬುದನ್ನೂ ಮರೆಯಕೂಡದು.

ಕೊನೆಯದಾಗಿ ನಮ್ಮ ಲಿಪಿಯ ಮಾತು. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಎಂಟು ಸಾಲು ಸಾಕು. ‘ಕನ್ನಡ’ ಎಂದು ಬರೆಯಹೊರಟರೆ ಮೇಲೆ ತಲೆಕಟ್ಟು, ಕೆಳಗೆ ಒತ್ತಕ್ಷರ. ಎಂಟು ಸಾಲಿನಲ್ಲಿ ಅವನ್ನು ತುರುಕಿದರೆ ಓದುವವರು ಊಹಿಸಬೇಕಾಗುತ್ತದೆ. ಅಚ್ಚುಕಟ್ಟಾಗಿ ಕಾಣಲು 16 ಸಾಲು ಬೇಕು. ಆಗ ಒಂದೊಂದಾಗಿ 16 ಸಾಲುಗಳನ್ನು ಸುತ್ತಿದರೆ ಬೆಳಕು ಅರ್ಧಕ್ಕಿಳಿಯುತ್ತದೆ. ಅಂಗಡಿಗಳ ಮುಂದೆ ಕಾಣುವ ಪಿ10 ಫಲಕದ ನಿರ್ಮಾಪಕರು ಇದನ್ನು ಚೆನ್ನಾಗಿ ಅರಿತಿದ್ದಾರೆ: 32 ಅಗಲ, 16 ಎತ್ತರದ ಆ ಒಂದು ಬಣ್ಣದ ಫಲಕದ 512 ಚುಕ್ಕಿಗಳನ್ನು ನಾಲ್ಕೇ ಸರದಿಗಳಲ್ಲಿ ಬೆಳಗಿಸಲು 128 ತಂತಿಗಳನ್ನೂ, ಅವಕ್ಕಾಗಿ 16 ಷಿಫ್ಟ್ ರಿಜಿಸ್ಟರ್‌ಗಳನ್ನೂ ಬಳಸುತ್ತಾರೆ. ಬಿಸಿಲಿನಲ್ಲಿ ಓದಬೇಕಾದ ಫಲಕಕ್ಕೆ ಅದು ಅವಶ್ಯ. ಕೋಣೆಯೊಳಗಿನದಕ್ಕೆ ಎಂಟು ಸಾಲಿನ ಚೌಕಗಳನ್ನೇ ಒಂದರ ಮೇಲೊಂದು ಇಟ್ಟು, ಅಗಲಕ್ಕೆ ನಾಲ್ಕರಂತೆ ಎಂಟು ಮ್ಯಾಕ್ಸ್7219ಗಳನ್ನು ಜೋಡಿಸಿದರೆ ಸಾಕು. 40 ಮಿಲಿಆಂಪಿಯರಿನಂತೆ ಎಲ್ಲ ಚುಕ್ಕಿಗಳೂ ಉರಿದಾಗ ಅವು 2.56 ಆಂಪಿಯರ್ ಬೇಡುತ್ತವೆ. ಮೈಕ್ರೋಕಂಟ್ರೋಲರಿನ ಹಲಗೆಯಿಂದ ಅಷ್ಟನ್ನು ಎಳೆಯಲಾಗದು. ರೋಧಕವನ್ನು 28 ಕಿಲೋಓಮಿಗೆ ಬದಲಿಸಿ ಬೇಡಿಕೆಯನ್ನು ಅರ್ಧಕ್ಕಿಳಿಸಿ, 2 ಆಂಪಿಯರಿನ ಪ್ರತ್ಯೇಕ 5 ವೋಲ್ಟ್ ಪೂರೈಕೆಯಿಂದ ದಪ್ಪ ತಂತಿಯಲ್ಲಿ ವಿದ್ಯುತ್ತನ್ನು ನೇರವಾಗಿ ಫಲಕಕ್ಕೆ ಕೊಟ್ಟು, ಎರಡರ ಗ್ರೌಂಡನ್ನೂ ಕೂಡಿಸಬೇಕು.